ಮೀಸುವ ಕೈ

ಕಿರುಬೆರಳು ಗಂಟಲಿನಿಂದ ಹೊರಗೆ ಬಂದಾಗ ಅದರ ತುದಿಯಲ್ಲಿ ಒಡೆದ ಹಾಲಿನ ಜೊತೆ ಒಂದು ಕೆಂಪು ಎಳೆಯೂ ಇತ್ತು. ಚಂದ್ರಮತಿ ನೋಡಿದಳು. ಬೆಳಕು ಸಾಲದೆಂದು ಬಚ್ಚಲಿನ ಕಿಟಕಿಯ ಕಡೆ ಬೆರಳು ತಿರುಗಿಸಿ ಮತ್ತೊಮ್ಮೆ ನೋಡಿದಳು. ಆಮೇಲೆ ಚೆಂಬಿನ ನೀರಿನಲ್ಲಿ ಅದ್ದಿ ತೊಳೆದುಬಿಟ್ಟಳು. ಅವಳ ಚಾಚಿದ ಕಾಲುಗಳ ಮೇಲೆ ಅಂಗಾತ ಮಲಗಿದ್ದ ಮೊಮ್ಮಗಳು ಉಸಿರು ಕಟ್ಟಿ, ಮುಖವೆಲ್ಲ ಕೆಂಪಗೆ ಮಾಡಿಕೊಂಡು, ಕೊನೆಗೂ ಕಿಟಾರನೆ ಕಿರುಚಿದಳು.

"ಎಂತ ಆಯ್ತಮ್ಮಾ? ಎಂತಕ್ ಹಾಂಗ್ ಮರ್ಕತ್ತ್?" ಒಳಗಿನಿಂದ ಮಗಳು ವಿನಯಾ ಕೂಗಿದಳು.

"ಎಂತ ಇಲ್ಲೆ. ಕಣ್ಣಿಗ್ ನೀರ್ ಹೋಯ್ತ್," ಎಂದಳು ಚಂದ್ರಮತಿ.

ಸುಳ್ಳೆಂದರೆ ಮಾರು ದೂರ ಓಡುವ ಹೆಂಗಸೇನಲ್ಲ ಅವಳು. ಪ್ರಾಯದಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವಳು, ನಿನ್ನೆಯ ಬಂಗುಡೆಯನ್ನು ಇವತ್ತಿನದೆಂದು ಆಣೆ ಹಾಕಿ ಮಾರಿದವಳು. ಆದರೆ ಮಗಳ ಹತ್ತಿರ, ಅದೂ ಬಾಣಂತಿ ಮಗಳ ಹತ್ತಿರ, ದಿನಾ ಬೆಳಿಗ್ಗೆ ಒಂದೇ ಸುಳ್ಳನ್ನು ಹೇಳಬೇಕಾದೀತೆಂದು ಅವಳು ಎಣಿಸಿರಲಿಲ್ಲ.

ಬೀಜಾಡಿಯಿಂದ ಕುಂಭಾಶಿಯವರೆಗೆ ಚಂದ್ರಮತಿಯ ಕಾಲ ಮೇಲೆ ಮಲಗದ ಮಕ್ಕಳು ಕಡಿಮೆ. ಮೂವತ್ತನಾಲ್ಕು ವರ್ಷಗಳಿಂದ ಅವಳದು ಇದೇ ಕೆಲಸ. ಹೆರಿಗೆಯಾದ ಮನೆಯಿಂದ ಕರೆ ಬಂದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳೆಂದೇ ಲೆಕ್ಕ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಶಿಶುವನ್ನು ಕಾಲ ಮೇಲೆ ಹಾಕಿಕೊಂಡು, ತೆಂಗಿನೆಣ್ಣೆ ಹಚ್ಚಿ, ಕೈಕಾಲು ಎಳೆದು, ಬೆನ್ನು ತೀಡಿ, ಹದವಾದ ಬಿಸಿನೀರು ಹೊಯ್ಯುವಳು. ಮಕ್ಕಳನ್ನು ಮೀಸುವವರು ಬೇರೆ ಹೆಂಗಸರೂ ಇದ್ದರು, ಆದರೆ ಜನ ಚಂದ್ರಮತಿಯೇ ಬೇಕೆನ್ನುತ್ತಿದ್ದುದು ಸ್ನಾನದ ಕೊನೆಯಲ್ಲಿ ಅವಳು ಮಾಡುತ್ತಿದ್ದ ಆ ಒಂದು ಕೆಲಸಕ್ಕೆ. ಕಿರುಬೆರಳಿಗೆ ಎಣ್ಣೆ ಸವರಿ ಮಗುವಿನ ಬಾಯೊಳಗೆ ಇಳಿಸಿ, ಗಂಟಲಿನಿಂದ ಕಫ ತೆಗೆಯುವಳು. ಮಗು ಒಮ್ಮೆ ಓಕರಿಸಿ, ಲೋಳೆ ಕಕ್ಕಿ, ಆಮೇಲೆ ಮೂರು ತಾಸು ಅಲುಗದೆ ನಿದ್ದೆ ಮಾಡುತ್ತಿತ್ತು. ಬಾಣಂತಿಯರಿಗೆ ಇನ್ನೇನು ಬೇಕು? ಅವಳ ಅತ್ತೆ ಕಲಿಸಿಕೊಟ್ಟ ವಿದ್ಯೆ ಅದು.

ಈಗ ಅವಳ ಸ್ವಂತ ಮೊಮ್ಮಗಳ ಸರದಿ ಬಂದಿತ್ತು. ವಿನಯಾಳನ್ನು ಕೊಟ್ಟದ್ದು ಬೈಂದೂರಿನ ಹತ್ತಿರ ಯಡ್ತರೆಗೆ. ಅಳಿಯ ನಿತೇಶ್ ಬೋಟಿಗೆ ಹೋಗುವವನು, ಒಮ್ಮೆ ಕಡಲಿಗೆ ಇಳಿದರೆ ಎಂಟು ಹತ್ತು ದಿನ ದಡ ಕಾಣುವವನಲ್ಲ. ಬಾಣಂತನಕ್ಕೆ ತಾಯಿಮನೆಗೆ ಬಂದ ವಿನಯಾಳ ಮಗು ಪೂಜಿತಾಗೆ ಎರಡೂವರೆ ತಿಂಗಳಾಗಿತ್ತು. ಕುಡಿದ ಹಾಲು ಒಂದು ತೊಟ್ಟೂ ಒಳಗೆ ನಿಲ್ಲುವುದಿಲ್ಲವೇನೋ ಎಂಬಂತೆ ಕಕ್ಕುತ್ತಿತ್ತು. ಹೆಗಲ ಮೇಲೆ, ಹಾಸಿಗೆಯ ಮೇಲೆ, ನೋಡಲು ಬಂದವರ ಹೊಸ ಸೀರೆಯ ಮೇಲೆ. ಕಕ್ಕಿದ ಮೇಲೆ ಬೆನ್ನು ಬಿಲ್ಲು ಮಾಡಿಕೊಂಡು ಅಳುತ್ತಿತ್ತು.

ಹದಿನೈದು ದಿನಗಳ ಹಿಂದೆ ಕುಂದಾಪುರದ ಮಕ್ಕಳ ಡಾಕ್ಟರು ಪ್ರೇಮಾನಂದರಿಗೆ ತೋರಿಸಿದ್ದರು. ಅವರು ಸಮಾಧಾನದ ಮನುಷ್ಯ. "ಹೊಟ್ಟೆಯ ಬಾಯಿ ಇನ್ನೂ ಗಟ್ಟಿ ಆಗಿಲ್ಲ, ಹಾಗಾಗಿ ಹುಳಿ ಸಮೇತ ಹಾಲು ಮೇಲೆ ಬರ್ತದೆ. ಹೆಚ್ಚಿನ ಮಕ್ಕಳಿಗೆ ವರ್ಷ ತುಂಬುವುದರೊಳಗೆ ತನ್ನಷ್ಟಕ್ಕೆ ಸರಿಯಾಗ್ತದೆ, ಮದ್ದೂ ಬೇಡ. ಆದರೆ ಇವಳಿಗೆ ತೂಕ ಏರಲಿಲ್ಲ, ಅದು ನನಗೆ ಸರಿ ಕಾಣುವುದಿಲ್ಲ," ಎಂದು ಒಂದು ಹನಿಮದ್ದು ಬರೆದುಕೊಟ್ಟರು. ಹಾಲನ್ನು ಸ್ವಲ್ಪ ಸ್ವಲ್ಪವೇ ಕೊಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆ ನೆಟ್ಟಗೆ ಎತ್ತಿಕೊಂಡಿರಬೇಕು, ಹೊಟ್ಟೆ ತುಂಬಿದ ಕೂಡಲೇ ಸ್ನಾನ ಬೇಡ ಎಂದರು. ಬಾಗಿಲ ಹತ್ತಿರ ಹೋದವರನ್ನು ಮತ್ತೆ ಕರೆದು, "ಬಾಯಿಗೆ ಬೆರಳು ಹಾಕುವ ಕ್ರಮ ಇದ್ದರೆ ಇವತ್ತೇ ಬಿಟ್ಟುಬಿಡಿ," ಎಂದೂ ಹೇಳಿದರು.

ವಿನಯಾ ಎಲ್ಲವನ್ನೂ ವ್ರತದ ಹಾಗೆ ಹಿಡಿದಳು. ಮೊಬೈಲಿನಲ್ಲಿ ಅರ್ಧ ಗಂಟೆಯ ಅಲಾರಂ ಇಟ್ಟು, ಅದು ಬಡಿದುಕೊಳ್ಳುವವರೆಗೂ ಮಗುವನ್ನು ಎದೆಗೆ ಆನಿಸಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದಳು. ಬೆರಳಿನ ವಿಷಯವನ್ನು ಮಾತ್ರ ಅವಳು ಮೆತ್ತಗೆ ಹೇಳಿದ್ದಳು. "ಅಮ್ಮ, ಬೇಜಾರ್ ಮಾಡ್ಕಣ್ಬೇಡ. ನಮ್ ಮಗಿಗ್ ಅದೊಂದ್ ಬೇಡ, ಅಕ್ಕಾ?"

"ಅಕ್ಕ್," ಎಂದು ಒಪ್ಪಿಕೊಂಡಿದ್ದಳು ಚಂದ್ರಮತಿ.

ಐದು ದಿನ ಮಾತು ಉಳಿಸಿಕೊಂಡಳು. ಆರನೆಯ ದಿನ ಮಗುವಿನ ಗಂಟಲು ಗೊರಗೊರ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಕಫ ನಿಂತ ಮಗು ನಿದ್ದೆಯಲ್ಲೇ ಹೋಗಿಬಿಡುತ್ತದೆ ಎಂದು ಅತ್ತೆ ಹೇಳಿದ್ದು ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಡಾಕ್ಟರಿಗೆ ಪುಸ್ತಕ ಗೊತ್ತು, ಗಂಟಲು ಗೊತ್ತಿರುವುದು ತನಗೆ. ಒಂದೇ ಸಲ ಎಂದುಕೊಂಡು ಬೆರಳು ಹಾಕಿದಳು. ಹಾಲಿನ ಗಡ್ಡೆ ಹೊರಗೆ ಬಂತು, ಮಗು ಅತ್ತೂ ಅತ್ತೂ ಮಲಗಿತು. ಮದ್ದು ತನ್ನದೇ ತಾಗಿತು ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು. ಮರುದಿನವೂ ಹಾಕಿದಳು, ಅದರ ಮರುದಿನವೂ. ವಿನಯಾ ಬಚ್ಚಲ ಕಡೆ ಬರದಂತೆ ಅವಳಿಗೆ ಬಿಸಿ ಗಂಜಿ ಬಡಿಸಿಟ್ಟು ಬರುವುದನ್ನೂ ರೂಢಿ ಮಾಡಿಕೊಂಡಳು. ಇವತ್ತು ಮಾತ್ರ, ನಿನ್ನೆ ಚಟ್ಲಿ ಸಿಗಡಿ ಸುಲಿಯುವಾಗ ತುಸು ಮುರಿದ ಉಗುರನ್ನು ನೋಡಿಕೊಂಡಿರಲಿಲ್ಲ. ಬೆರಳು ಒಳಗಿರುವಾಗಲೇ ಮಗು ತಲೆ ಕೊಡವಿತ್ತು.

ಹತ್ತು ಗಂಟೆಗೆ ವಿನಯಾಳ ಚೀರಾಟ ಕೇಳಿಸಿತು. ಮಗು ಅವಳ ಹೆಗಲ ಮೇಲೆ ಕಕ್ಕಿತ್ತು. ಬಿಳಿ ಹಾಲಿನ ನಡುವೆ ಕೆಂಪು ಎಳೆಗಳು ಎದ್ದು ಕಾಣುತ್ತಿದ್ದವು.

"ಅಮ್ಮಾ, ನೆತ್ರ್! ಮಗು ನೆತ್ರ್ ಕಕ್ತ್!"

ಚಂದ್ರಮತಿ ಬಟ್ಟೆ ತಂದು ಮಗುವಿನ ಬಾಯಿ ಒರೆಸಿದಳು. ಆಗಲೇ ಹೇಳಬಹುದಿತ್ತು. ಹೇಳುವುದಕ್ಕೆ ಒಂದು ಮಾತು ಸಾಕಿತ್ತು. ಆದರೆ ವಿನಯಾ ಆಗಲೇ ಓಮ್ನಿ ಇರುವ ಪಕ್ಕದ ಕೇರಿಯ ಸಚಿನನಿಗೆ ಫೋನು ಮಾಡುತ್ತಿದ್ದಳು, ಒಂದು ಕೈಯಲ್ಲಿ ಮಗುವನ್ನು ಅಪ್ಪಿಕೊಂಡು ಇನ್ನೊಂದು ಕೈಯಲ್ಲಿ ಚೀಲ ತುಂಬುತ್ತಿದ್ದಳು. ಡಾಕ್ಟರು ನೋಡಿದರೆ ಅವರಿಗೇ ತಿಳಿಯುತ್ತದೆ, ಏನಿಲ್ಲ ಎಂದು ಕಳಿಸುತ್ತಾರೆ ಎಂದು ಚಂದ್ರಮತಿ ತನಗೆ ತಾನೇ ಹೇಳಿಕೊಂಡಳು.

ಡಾಕ್ಟರಿಗೆ ತಿಳಿಯಲಿಲ್ಲ. ಮಗು ಕೂಗಿ ರಂಪ ಮಾಡುತ್ತಿತ್ತು, ಬಾಯಿ ತುಂಬ ಹಾಲಿನ ಲೋಳೆ, ಟಾರ್ಚಿನ ಬೆಳಕಿಗೆ ನಾಲಗೆ ಬಿಟ್ಟು ಬೇರೇನೂ ಕಾಣಲಿಲ್ಲ. ತೂಕ ಹಾಕಿದರು. ಹದಿನೈದು ದಿನಗಳಲ್ಲಿ ಮುಳ್ಳು ಅಲ್ಲಾಡಿದಂತೆಯೇ ಇರಲಿಲ್ಲ. ಅವರ ಹಣೆಯಲ್ಲಿ ಗೆರೆ ಮೂಡಿತು.

"ಬಾಯಿಗೆ ಎಂತಾದ್ರೂ ಹಾಕಿದ್ರಾ? ಕೈ, ಬೆರಳು?"

"ಇಲ್ಲ ಡಾಕ್ಟ್ರೇ," ಎಂದಳು ವಿನಯಾ ಒಂದು ಗಳಿಗೆಯೂ ತಡೆಯದೆ. "ನೀವ್ ಹೇಳಿದ ದಿನದಿಂದ ಅಮ್ಮ ಬಿಟ್ಟೇ ಬಿಟ್ಟಿದಾರೆ. ಮೂವತ್ನಾಲ್ಕು ವರ್ಷ ಮಾಡಿದ್ದನ್ನ ನನ್ನ ಒಂದು ಮಾತಿಗೆ ಬಿಟ್ರು."

ಹಾಗೆಂದು ತಾಯಿಯ ಕಡೆ ತಿರುಗಿ ನೋಡಿದಳು, ಹೆಮ್ಮೆಯಿಂದ. ಚಂದ್ರಮತಿಯ ಬಾಯಿಯವರೆಗೆ ಬಂದಿದ್ದ ಮಾತು ಅಲ್ಲೇ ಇಂಗಿತು. ನಾಚಿಕೆ ಎಂಬುದು ಇಷ್ಟು ಭಾರವಿರುತ್ತದೆಂದು ಅವಳಿಗೆ ಅರವತ್ತೆರಡು ವರ್ಷಗಳಲ್ಲಿ ಗೊತ್ತಾಗಿರಲಿಲ್ಲ.

"ಹಾಗಾದ್ರೆ ಹುಳಿ ಬಂದೂ ಬಂದೂ ಅನ್ನನಾಳದಲ್ಲಿ ಹುಣ್ಣು ಆಗಿರಬಹುದು," ಎಂದರು ಡಾಕ್ಟರು. "ಕಾಯುವುದು ಬೇಡ. ಮಣಿಪಾಲಕ್ಕೆ ಹೋಗಿ, ನಾನು ಫೋನ್ ಮಾಡ್ತೇನೆ. ಸಣ್ಣ ಕೊಳವೆ ಹಾಕಿ ಒಳಗೆ ನೋಡಬೇಕಾಗ್ತದೆ. ಅದಕ್ಕೆ ಮಗುವಿಗೆ ಮದ್ದು ಕೊಟ್ಟು ಮತ್ತು ಬರಿಸ್ತಾರೆ. ಹಾಗಾಗಿ ಅಲ್ಲಿ ಮುಟ್ಟಿ ಅವರು ಹೇಳುವವರೆಗೆ ಹಾಲು ಕೊಡಬೇಡಿ."

"ಮತ್ತು ಬರ್ಸುದಾ? ಇಷ್ಟ್ ಸಣ್ಣದಕ್ಕೆ?" ಎಂದು ವಿನಯಾ ಮಗುವನ್ನು ಎದೆಗೆ ಒತ್ತಿಕೊಂಡಳು.

"ಅಲ್ಲಿ ದಿನಾ ಮಾಡ್ತಾರೆ. ನೀವು ಹೆದರಬೇಡಿ," ಎಂದರು. ಆದರೆ ಅವರೂ ಹೇಳುವಾಗ ಮಗುವನ್ನೇ ನೋಡುತ್ತಿದ್ದರು.

ಓಮ್ನಿ ಹೆದ್ದಾರಿ ಹಿಡಿದು ತೆಂಕು ದಿಕ್ಕಿಗೆ ಓಡಿತು. ಬೀಜಾಡಿಯ ತಿರುವು ಹಿಂದೆ ಬಿತ್ತು, ಕುಂಭಾಶಿಯ ದೇವಸ್ಥಾನದ ಸ್ವಾಗತ ಗೋಪುರ ಹಿಂದೆ ಬಿತ್ತು. ವಿನಯಾ ಕೈ ಮುಗಿಯಲಿಕ್ಕೂ ಮರೆತಿದ್ದಳು. ಸಚಿನ್ ಮೂವತ್ತು ದಾಟಿದ ಗಟ್ಟಿ ಆಳು, ಬಾಯಿಗೆ ಬೀಗ ಇಲ್ಲದವನು. ಯಾರಾದರೂ ಬಾಡಿದ ಮುಖ ಮಾಡಿಕೊಂಡು ಅವನ ಗಾಡಿಯಲ್ಲಿ ಕೂತರೆ ಅವನಿಗೆ ಸಹಿಸುವುದಿಲ್ಲ.

"ಎಂತಕ್ ಹೆದ್ರೂದ್ ವಿನಯಾ? ಚಂದ್ರಮತಕ್ಕ ಒಟ್ಟಿಗ್ ಇತ್ರ್ ಅಲ್ದಾ," ಎಂದ ಕನ್ನಡಿಯಲ್ಲಿ ನೋಡುತ್ತ. "ನಾನ್ ಹುಟ್ಟದ್ ದಿನ ನೀಲಿ ಆಯ್ದೆ ಅಂಬ್ರ್. ಇವ್ರ್ ಬೆರ್ಳ್ ಹಾಕಿ ಕಫ ಎಳ್ದ್ ಮೇಲೇ ನಾನ್ ಮರ್ಕದ್ದ್. ನಮ್ಮಮ್ಮ ಇವತ್ತಿಗೂ ಹೇಳತ್ತ್. ನಮ್ಮನಿ ಅವ್ಳಿಗೂ ಬಪ್ ತಿಂಗ್ಳ್ ಹೆರ್ಗಿ ದಿನ. ಚಂದ್ರಮತಕ್ಕ, ನಿಮ್ ಕೈಯಂಗೇ ಮೀಸ್ಕ್ ಕಾಣಿ, ಈಗ್ಲೇ ಹೇಳಿಟ್ಟಿದೆ."

ಚಂದ್ರಮತಿ ಕಿಟಕಿಯ ಕಡೆ ತಿರುಗಿದಳು. ಬೇರೆ ದಿನವಾಗಿದ್ದರೆ ಆ ಕಥೆಯನ್ನು ಅವಳೇ ಇನ್ನಷ್ಟು ಬಣ್ಣ ಹಚ್ಚಿ ಹೇಳುತ್ತಿದ್ದಳು.

ಕೋಟ ದಾಟುವ ಹೊತ್ತಿಗೆ ಪೂಜಿತಾಗೆ ಹಸಿವಾಗಿತ್ತು. ಮೊದಲು ಕುಂಯ್‌ಗುಟ್ಟಿತು. ಆಮೇಲೆ ಬಾಯಿ ಅಗಲಿಸಿ ತಾಯಿಯ ಎದೆಯ ಬಟ್ಟೆಗೆ ಮುಖ ಉಜ್ಜಿತು, ಸಿಗದೆ ಕೂಗಿತು. ವಿನಯಾ ಮಗುವನ್ನು ಆಚೆ ತಿರುಗಿಸಿ ಹಿಡಿದಳು. ಅದು ತಲೆ ತಿರುಗಿಸಿ ಮತ್ತೆ ಹುಡುಕಿತು. ಅವಳ ರವಿಕೆ ಹಾಲಿಳಿದು ತೊಯ್ದುಹೋಗಿತ್ತು. ಸಾಲಿಗ್ರಾಮದಲ್ಲಿ ಮಗುವಿನ ಕೂಗು ಒಡೆದು ಗೊಗ್ಗರಾಯಿತು. ವಿನಯಾ ಮಗುವಿನ ತಲೆಗೆ ಕೆನ್ನೆ ಒತ್ತಿ, "ಇನ್ನ್ ಒಂಚೂರ್ ಮಗಾ, ಇನ್ನ್ ಒಂಚೂರ್," ಎಂದು ತಾನೂ ಅಳುತ್ತಿದ್ದಳು. ಸಚಿನ್ ಗಾಡಿಯ ವೇಗ ಹೆಚ್ಚಿಸಿದ.

ಚಂದ್ರಮತಿ ತನ್ನ ಬಲಗೈಯ ಕಿರುಬೆರಳನ್ನು ಎಡಗೈಯ ಮುಷ್ಟಿಯೊಳಗೆ ಹಿಡಿದು ಕೂತಿದ್ದಳು. ಮಣಿಪಾಲದಲ್ಲಿ ಕೊಳವೆ ಹಾಕುವವರಿಗೆ ಏನು ಕಾಣುತ್ತದೆಂದು ಅವಳಿಗೆ ಮಾತ್ರ ಗೊತ್ತಿತ್ತು. ಹುಣ್ಣೂ ಇಲ್ಲ ಮಣ್ಣೂ ಇಲ್ಲ. ಇಲ್ಲದ ಹುಣ್ಣನ್ನು ಹುಡುಕಲು ಈ ಎರಡೂವರೆ ತಿಂಗಳ ಜೀವಕ್ಕೆ ಮತ್ತು ಬರಿಸಬೇಕು. ಅದಕ್ಕಾಗಿ ಅದು ಹಸಿದು ಸಾಯಬೇಕು. ಎದ್ದೇಳದಿದ್ದರೆ? ಆ ಯೋಚನೆ ಬಂದದ್ದೇ ತಡ, ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಸಚಿನಾ, ಗಾಡಿ ನಿಲ್ಸ್," ಎಂದಳು. ಬ್ರಹ್ಮಾವರದ ಪೇಟೆ ಎದುರಿಗಿತ್ತು.

"ಎಂತ ಆಯ್ತ್? ವಾಂತಿ ಬತ್ತಾ?"

"ನಿಲ್ಸ್ ಅಂದೆ."

ಓಮ್ನಿ ರಸ್ತೆಯ ಬದಿಗೆ ಸರಿದು ನಿಂತಿತು. ಚಂದ್ರಮತಿ ಮಗಳ ಮುಖ ನೋಡದೆ ಹೇಳಿದಳು: "ಮಗಿಗ್ ಹಾಲ್ ಕೊಡ್."

"ಕೊಡುಕಾಗ ಅಂದಿದ್ರ್ ಅಲ್ದಾ ಡಾಕ್ಟ್ರ್?"

"ಅದ್ ಹೊಟ್ಟಿಯಿಂದ ಬಂದ್ ನೆತ್ರ್ ಅಲ್ಲ. ನನ್ ಉಗ್ರ್ ತಾಗದ್ದ್. ಬೆಳಿಗ್ಗೆ ಮೀಸುವಾಗ."

ವಿನಯಾಗೆ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲು ಹೊತ್ತು ಬೇಕಾಯಿತು. "ಬಿಟ್ಟಿದೆ ಅಂದಿದ್ದೆ ಅಲ್ದಾ ನೀನ್?"

"ಐದ್ ದಿನ ಬಿಟ್ಟಿದ್ದೆ. ಗಂಟ್ಲ್ ಗೊರಗೊರ ಅಂತಿತ್ತ್. ನಂಗ್ ಹೆದ್ರಿಕಿ ಆಯ್ತ್."

"ಮತ್ತೆ ದಿನಾ ಹಾಕ್ದ್ಯಾ?"

"ದಿನಾ."

"ಡಾಕ್ಟ್ರ್ ಕೇಂಡಾಗ ನಾನೇ ಹೇಳದೆ ಅಲ್ದಾ, ನಮ್ಮಮ್ಮ ಬಿಟ್ಟಿತ್ತ್ ಅಂದ್. ನೀನ್ ಅಲ್ಲೇ ನಿಂತ್ಕಂಡಿದ್ದೆ. ಅಲ್ಲೇ ನಿಂತ್ಕಂಡಿದ್ದೆ ಅಮ್ಮ!"

ಚಂದ್ರಮತಿ ಬೈಗುಳಕ್ಕೆ ತಯಾರಾಗಿದ್ದಳು. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ವಿನಯಾ ಏನೂ ಮಾಡಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದವರನ್ನು ನೋಡುವಂತೆ ತಾಯಿಯನ್ನು ನೋಡಿ, ಸೀಟಿನಲ್ಲಿ ಒಂದು ಗೇಣು ಆಚೆ ಸರಿದು, ಡಾಕ್ಟರಿಗೆ ಫೋನು ಮಾಡಿದಳು. ನಡೆದದ್ದನ್ನು ಹೇಳಿದಳು. ಆ ಕಡೆಯಿಂದ ಡಾಕ್ಟರು, ಮೊದಲು ಮಗುವಿಗೆ ಹಾಲು ಕೊಡಿ, ಕೊಟ್ಟು ವಾಪಸ್ಸು ಬನ್ನಿ, ನಾನೇ ಸರಿಯಾಗಿ ನೋಡುತ್ತೇನೆ ಎಂದದ್ದು ಎಲ್ಲರಿಗೂ ಕೇಳಿಸಿತು. ಸಚಿನ್ ಬಾಗಿಲು ತೆಗೆದು ಇಳಿದು ದೂರ ಹೋಗಿ ನಿಂತ. ಮಗು ಎದೆಗೆ ಬಾಯಿ ಹಾಕಿ, ಬಿಕ್ಕುತ್ತ, ಗಟಗಟನೆ ಕುಡಿಯತೊಡಗಿತು. ಅರ್ಧ ಗಂಟೆ ನೆಟ್ಟಗೆ ಹಿಡಿದುಕೊಳ್ಳಬೇಕಲ್ಲ, ಆ ಅರ್ಧ ಗಂಟೆ ಅವರು ಲಾರಿಗಳ ಸದ್ದಿನ ನಡುವೆ ಅಲ್ಲೇ ನಿಂತರು. ಚಂದ್ರಮತಿ ಒಂದು ಸಲ, "ನಾನ್ ಎತ್ಕಂತೆ, ನಿನ್ ಬೆನ್ ನೋವತ್ತ್," ಎಂದಳು. ವಿನಯಾ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

ಹಿಂದೆ ಬರುವಾಗ ಸಚಿನ್ ಕಣ್ಣನ್ನು ರಸ್ತೆಯ ಮೇಲೇ ಇಟ್ಟಿದ್ದ. ಕನ್ನಡಿಯಲ್ಲಿ ಒಮ್ಮೆ ಅವನ ಕಣ್ಣು ಚಂದ್ರಮತಿಯ ಕಣ್ಣಿಗೆ ಸಿಕ್ಕಿತು. ಅವನೇ ಮೊದಲು ನೋಟ ತಪ್ಪಿಸಿದ.

ಈ ಸಲ ಡಾಕ್ಟರು ಅವಸರ ಮಾಡಲಿಲ್ಲ. ನರ್ಸ್ ಮಗುವಿನ ತಲೆ ಹಿಡಿದಳು, ಡಾಕ್ಟರು ದೊಡ್ಡ ಲೈಟು ಹಾಕಿ, ಚಪ್ಪಟೆ ಕಡ್ಡಿಯಿಂದ ನಾಲಗೆ ಒತ್ತಿ ನೋಡಿದರು. ಅಂಗುಳಿನ ಹಿಂದೆ ಒಂದು ಗೀರು. ಅವರು ಲೈಟು ಆರಿಸಿ ಕೂತರು.

"ಉಗುರಿನದ್ದೇ. ನಾಲ್ಕು ದಿನದಲ್ಲಿ ಮಾಗ್ತದೆ. ಮಣಿಪಾಲ ಈಗ ಬೇಡ. ಆದರೆ ಮತ್ತೆ ರಕ್ತ ಕಂಡ್ರೆ, ಮಲ ಕಪ್ಪಗೆ ಹೋದ್ರೆ, ಹಾಲು ಕುಡಿಯದಿದ್ರೆ ಕೂಡಲೇ ಬನ್ನಿ." ಆಮೇಲೆ ಚಂದ್ರಮತಿಯ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ, ದಣಿವು ಇತ್ತು. "ಅಮ್ಮ, ಹಾಲು ಮೇಲೆ ಬರುವ ಕಾಯಿಲೆ ನಿಮ್ಮಿಂದ ಆದದ್ದಲ್ಲ. ಅದು ಇತ್ತು. ಆದರೆ ಮದ್ದು ಕೊಟ್ಟೂ ತೂಕ ಯಾಕೆ ಏರುವುದಿಲ್ಲ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಕುಡಿದದ್ದರಲ್ಲಿ ಸ್ವಲ್ಪ ಮಗು ತಾನಾಗಿ ಕಕ್ತಿತ್ತು. ಬೆಳಿಗ್ಗೆ ಉಳಿದದ್ದನ್ನು ನೀವೇ ತೆಗಿತಿದ್ರಿ. ಗೊರಗೊರ ಅಂತ ಇದ್ದದ್ದು ಕಫ ಅಲ್ಲ, ಆ ಹಾಲೇ."

ಚಂದ್ರಮತಿ ಕಿರುಬೆರಳನ್ನು ಸೆರಗಿನೊಳಗೆ ಸುತ್ತಿಕೊಂಡಳು. "ಡಾಕ್ಟ್ರೇ, ಮೂವತ್ನಾಲ್ಕ್ ವರ್ಷ ಆಯ್ತ್," ಎಂದಳು. "ಎಷ್ಟ್ ಮಕ್ಳಿಗ್ ಹಾಕಿದೆ ಅಂದ್ ನಂಗೇ ಗೊತ್ತಿಲ್ಲೆ."

"ಮಕ್ಕಳು ಗಟ್ಟಿ ಇರ್ತವೆ. ಹೆಚ್ಚಿನವು ತಡ್ಕೊಳ್ತವೆ," ಎಂದರು ಡಾಕ್ಟರು.

ಹೆಚ್ಚಿನವು. ಒಂದೆರಡು ವಾರ ಕರೆದು ಆಮೇಲೆ ಬೇಡವೆಂದು ಹೇಳಿ ಕಳಿಸಿದ ಮನೆಗಳು ಅವಳಿಗೆ ಒಂದೊಂದಾಗಿ ನೆನಪಾದವು. ಈಗಿನ ಹುಡುಗಿಯರಿಗೆ ಸೊಕ್ಕು ಎಂದು ಅವಳು ಬಾವಿಕಟ್ಟೆಯಲ್ಲಿ ಆಡಿಕೊಂಡಿದ್ದಳು. ಮೀಸಿದ ದಿನವೇ ಜ್ವರ ಬಂತೆಂದು ಹೇಳಿದ ಒಬ್ಬ ಬಾಣಂತಿಗೆ ನಿನ್ನ ಹಾಲೇ ಸರಿಯಿಲ್ಲ ಎಂದಿದ್ದಳು. ಆ ಹುಡುಗಿ ತಲೆ ತಗ್ಗಿಸಿ ಅತ್ತಿದ್ದಳು.

ನರ್ಸ್ ಮಧ್ಯಾಹ್ನದ ಹನಿಮದ್ದನ್ನು ಡ್ರಾಪರಿನಲ್ಲಿ ಅಳೆದು ತಂದಳು. ವಿನಯಾ ಮಗುವನ್ನು ತೋಳಿನ ಮೇಲೆ ಎತ್ತರಕ್ಕೆ ಹಿಡಿದುಕೊಂಡಿದ್ದಳು. ಅವಳ ಎರಡು ಕೈಯೂ ಬಿಡುವಿಲ್ಲದ್ದನ್ನು ನೋಡಿ ಚಂದ್ರಮತಿಯ ಕೈ ತನ್ನಷ್ಟಕ್ಕೆ ಮುಂದೆ ಹೋಯಿತು. ಮದ್ದು ಹಾಕಲು ಮಗುವಿನ ಗಲ್ಲ ಹಿಡಿದು ಬಾಯಿ ತೆರೆಸುವುದು ಅವಳಿಗೆ ಉಸಿರಾಡುವಷ್ಟು ಸಲೀಸು.

ಪೂಜಿತಾ ಆ ಕೈ ಬರುವುದನ್ನು ನೋಡಿತು. ತುಟಿ ಬಿಗಿಯಾಗಿ ಮುಚ್ಚಿಕೊಂಡಿತು. ಮುಖವನ್ನು ತಾಯಿಯ ಕುತ್ತಿಗೆಯೊಳಗೆ ತಿರುಗಿಸಿ, ಮೈಯೆಲ್ಲ ಸೆಟೆದುಕೊಂಡು, ಬಾಯಿ ತೆರೆಯದೆಯೇ ಮೂಗಿನಲ್ಲಿ ಅಳತೊಡಗಿತು. ನರ್ಸ್ ಮುಟ್ಟಿದಾಗ, ಡಾಕ್ಟರು ಕಡ್ಡಿ ಹಾಕಿದಾಗ ಕೂಗಿದ್ದು ಬೇರೆ ತರಹದ ಅಳು. ಇದನ್ನು ಆ ಕೋಣೆಯಲ್ಲಿ ಇದ್ದವರೆಲ್ಲ ನೋಡಿದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

ಚಂದ್ರಮತಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ನೀನ್ ಹೊರ್ಗ್ ಕೂಕೊ ಅಮ್ಮ," ಎಂದಳು ವಿನಯಾ. ಆ ಮಾತಿನಲ್ಲಿ ಗದರಿಕೆ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಸಚಿನ್ ಕೂತಿದ್ದ. ಅವಳನ್ನು ನೋಡಿ ಸರಿದು ಜಾಗ ಮಾಡಿಕೊಟ್ಟ. ಅವಳು ಕೂತಳು. ಬಾಗಿಲು ತಾನಾಗಿಯೇ ಮೆಲ್ಲಗೆ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಒಳಗೆ ಮಗು ಅಳು ನಿಲ್ಲಿಸಿತು.